ಬಿಟ್ಟಿಯ ಯುದ್ಧಕ್ಕೆ ತೆರುವ ಬೆಲೆ

"ಏ, ಮನಿ ಹಿಂದ ಅದಾನಲೇ! ಹೊಡಿ, ಹೊಡಿ ಅವನ್ನ!"

ಮುಂಬಯಿಯ ಉಪನಗರವೊಂದರ ಎರಡು ಕೋಣೆಗಳ ಮನೆ. ರಾತ್ರಿ ಹನ್ನೊಂದರ ಸುಮಾರಿಗೆ ಮೊಮ್ಮಗನ ಬಾಯಿಂದ ಇಂಥ ಕೂಗು ಹೊರಟರೆ, ಮಗಳ ಮನೆಗೆಂದು ಹುಬ್ಬಳ್ಳಿಯಿಂದ ಬಂದು ಮಲಗಿರುವ ಅಜ್ಜಿ ಬೆಚ್ಚಿಬಿದ್ದು ಏಳುವುದು ಸಹಜವೇ ಆಗಿದೆ. ಮನೆಯ ಹಿಂದೆ ಕಳ್ಳರಾರೂ ಇಲ್ಲ; ಆರನೆಯ ಮಹಡಿಯ ಮನೆಗೆ ಹಿಂಭಾಗವೆಂಬುದೇ ಇಲ್ಲ. ಹುಡುಗ ತನ್ನ ಮೊಬೈಲ್ ಫೋನಿನಲ್ಲಿ, ಎರಾಂಗೆಲ್ ಎಂಬ ಕಾಲ್ಪನಿಕ ದ್ವೀಪದಲ್ಲಿ, ಬಂದೂಕು ಹಿಡಿದು ಹೊಂಚುಹಾಕಿದ್ದಾನೆ. ಆಚೆಯಿಂದ ಅವನಿಗೆ ಮರುಮಾತು ಕೊಡುತ್ತಿರುವವನು ಹುಬ್ಬಳ್ಳಿಯಲ್ಲಿಯೇ ಇರುವ ಸೋದರಮಾವನ ಮಗ. ಅಜ್ಜಿಗೆ ಭಯ ಇಳಿದ ಮೇಲೆ ಬೇರೊಂದು ವಿಸ್ಮಯ ಕಾದಿರುತ್ತದೆ. ಹಗಲೆಲ್ಲ ತನ್ನೊಡನೆ ಹಿಂದಿಯನ್ನು ಬೆರಸದೆ ನಾಲ್ಕು ಮಾತು ಆಡಲಾರದ ಹುಡುಗ ಈ ಹೊತ್ತಿನಲ್ಲಿ ಅಚ್ಚ ಧಾರವಾಡದ ಕನ್ನಡ ಆಡುತ್ತಿದ್ದಾನೆ!

ಹೊರನಾಡಿನ ಅನೇಕ ಕನ್ನಡ ಕುಟುಂಬಗಳಲ್ಲಿ ಇಂದು ಕಾಣಸಿಗುವ ಚಿತ್ರವಿದು. ಈ ಆಟದ ವಿಷಯದಲ್ಲಿ ಹಿರಿಯರಲ್ಲಿರುವ ಭೀತಿ ಅಲ್ಪವಲ್ಲ. ಆದರೆ ಆ ಭೀತಿ ಬಹುಮಟ್ಟಿಗೆ ತಪ್ಪು ಸ್ಥಳದಲ್ಲಿ ನೆಲೆಗೊಂಡಿದೆ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕಾದ ಕಾಲ ಬಂದಿದೆ.

ಆಟದ ಮೂಲವನ್ನು ಸಂಕ್ಷೇಪವಾಗಿ ತಿಳಿಯುವುದು ಉಚಿತ. ಐರ್ಲೆಂಡಿನವನಾದ ಬ್ರೆಂಡನ್ ಗ್ರೀನ್ ಎಂಬಾತ, 2000ದಲ್ಲಿ ತೆರೆಕಂಡ 'ಬ್ಯಾಟಲ್ ರಾಯಲ್' ಎಂಬ ಜಪಾನೀ ಚಲನಚಿತ್ರದಿಂದ ಸ್ಫೂರ್ತಿ ಪಡೆದು ರೂಪಿಸಿದ ಕಲ್ಪನೆಯನ್ನು ದಕ್ಷಿಣ ಕೊರಿಯಾದ ಸಂಸ್ಥೆಯೊಂದು 2017ರ ಮಾರ್ಚಿಯಲ್ಲಿ ಗಣಕಯಂತ್ರದ ಆಟವಾಗಿ ಮಾರುಕಟ್ಟೆಗೆ ತಂದಿತು. ನೂರು ಮಂದಿ ಆಟಗಾರರು ವಿಮಾನದಿಂದ ದ್ವೀಪವೊಂದರ ಮೇಲೆ ಧುಮುಕುತ್ತಾರೆ. ಕೈಯಲ್ಲಿ ಆಯುಧವಿರುವುದಿಲ್ಲ, ಪಾಳುಮನೆಗಳಲ್ಲಿ ಹುಡುಕಿ ಸಂಪಾದಿಸಬೇಕು. ಆಡುವ ನೆಲ ಗಳಿಗೆಗಳಿಗೆಗೂ ಕಿರಿದಾಗುತ್ತ ಹೋಗುತ್ತದೆ. ಕಟ್ಟಕಡೆಗೆ ಉಳಿದವನು, ಅಥವಾ ಉಳಿದ ತಂಡ, ವಿಜಯಿ. ಅಂದು ಇದನ್ನು ಮೂವತ್ತು ಡಾಲರಿನಷ್ಟು ಬೆಲೆ ಕೊಟ್ಟು ಕೊಳ್ಳಬೇಕಾಗಿತ್ತು. ಶಕ್ತಿಶಾಲಿಯಾದ ಗಣಕಯಂತ್ರವೂ ಬೇಕಾಗಿತ್ತು. 2018ರ ಮಾರ್ಚಿಯಲ್ಲಿ ಅದರ ಮೊಬೈಲ್ ರೂಪ ಬಂದಿತು. ಅದಕ್ಕೆ ಬೆಲೆಯೇ ಇರಲಿಲ್ಲ. ಭಾರತದಲ್ಲಿ 'ಪಬ್‌ಜಿ' ಮನೆಮಾತಾದುದು ಆಗಲೇ. 2019ರ ಜನವರಿಯಲ್ಲಿ ಪರೀಕ್ಷೆಗಳನ್ನು ಕುರಿತು ಪ್ರಧಾನಮಂತ್ರಿಯವರು ನಡೆಸಿದ ಸಂವಾದದಲ್ಲಿ ತಾಯಿಯೊಬ್ಬರು ಮಗನ ಆಟದ ಹುಚ್ಚನ್ನು ತೋಡಿಕೊಂಡಾಗ, ಪ್ರಧಾನಿಯವರೇ ಈ ಆಟದ ಹೆಸರು ಹಿಡಿದು ಕೇಳಿದರು. ಸಭೆ ಗೊಳ್ಳೆಂದು ನಕ್ಕಿತು. ಅದೇ ವರ್ಷದ ಮಾರ್ಚಿಯಲ್ಲಿ ರಾಜಕೋಟೆಯ ಪೋಲೀಸರು ಇದನ್ನು ನಿಷೇಧಿಸಿ, ಆಡುತ್ತಿದ್ದ ತರುಣರನ್ನು ಬಂಧಿಸಿದಾಗ ಮಾತ್ರ ಯಾರೂ ನಗಲಿಲ್ಲ.

2020ರ ಸೆಪ್ಟೆಂಬರ್ 2ರಂದು, ಚೀನಾ ಗಡಿಯ ಉದ್ವಿಗ್ನತೆಯ ಹಿನ್ನೆಲೆಯಲ್ಲಿ, ಕೇಂದ್ರ ಸರಕಾರ ನಿಷೇಧಿಸಿದ 118 ಆ್ಯಪ್‌ಗಳಲ್ಲಿ ಇದೂ ಒಂದಾಗಿತ್ತು. ಮುಂದಿನ ಹತ್ತು ತಿಂಗಳ ನಿರೀಕ್ಷೆ ಎಂಥದೆಂಬುದನ್ನು ಹದಿಹರೆಯದ ಮಕ್ಕಳಿದ್ದ ತಂದೆತಾಯಿಗಳು ಮರೆತಿರಲಾರರು. ಇಂದು ಬರುತ್ತದೆ, ನಾಳೆ ಬರುತ್ತದೆ ಎಂಬ ವದಂತಿಗಳು, ನಕಲಿ ಕೊಂಡಿಗಳು, ಮುಂಗಡ ನೋಂದಣಿಯ ನೂಕುನುಗ್ಗಲು. ಕಡೆಗೆ 2021ರ ಜುಲೈ 2ರಂದು 'ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ' ಎಂಬ ಹೊಸ ಹೆಸರಿನಲ್ಲಿ ಆಟ ಮರಳಿತು. ಆಗ ಕೋವಿಡ್ ಕಾರಣದಿಂದ ಪಾಠಶಾಲೆಗಳು ಮುಚ್ಚಿದ್ದವು. ಪಾಠಕ್ಕೆಂದು ಪ್ರತಿ ಮಗುವಿನ ಕೈಗೂ ಫೋನು ಬಂದಿತ್ತು. ಹಿರಿಯರೇ ಕೊಟ್ಟ ಪಾಟಿಯ ಮೇಲೆ ಮಕ್ಕಳು ಯುದ್ಧ ಬರೆದರು ಎಂದರೆ ತಪ್ಪು ಯಾರದು?

ಈಗ ಭೀತಿಯ ಮಾತಿಗೆ ಬರಬಹುದು. ಬಂದೂಕಿನ ಆಟ ಆಡಿದ ಹುಡುಗ ನಾಳೆ ಬಂದೂಕು ಹಿಡಿದಾನೆಂಬುದು ಸಾಮಾನ್ಯವಾದ ಆತಂಕ. ಅಮೆರಿಕೆಯ ಮನಶ್ಶಾಸ್ತ್ರ ಸಂಘವು 2020ರಲ್ಲಿ ಲಭ್ಯ ಸಂಶೋಧನೆಗಳನ್ನು ಪರಿಶೀಲಿಸಿ ಒಂದು ನಿರ್ಣಯ ಹೊರಡಿಸಿತು. ಇಂಥ ಆಟಗಳಿಗೂ ಕೂಗಾಟ, ತಳ್ಳಾಟಗಳಂಥ ಸಿಡುಕಿನ ವರ್ತನೆಗೂ ಅಲ್ಪಪ್ರಮಾಣದ ಸಂಬಂಧವುಂಟು. ಆದರೆ ನಿಜವಾದ ಹಿಂಸಾಕೃತ್ಯಗಳಿಗೆ ಇವೇ ಕಾರಣವೆನ್ನಲು ಸಾಕಷ್ಟು ಆಧಾರವಿಲ್ಲ ಎಂಬುದು ಅದರ ಸಾರ. ಭಾರತದ ಆವೃತ್ತಿಯಲ್ಲಿ ರಕ್ತವನ್ನು ಹಸಿರಾಗಿ ತೋರಿಸಿ, 'ಕೊಂದೆ' ಎಂಬ ಪದವನ್ನು ತೆಗೆದು 'ಮುಗಿಸಿದೆ' ಎಂದು ಮಾಡಲಾಯಿತು. ರಕ್ತದ ಬಣ್ಣ ಬದಲಿಸಿ ತಂದೆತಾಯಿಗಳ ಮನಸ್ಸನ್ನು ಸಮಾಧಾನಪಡಿಸುವ ಈ ಉಪಾಯ ವಿನೋದಕರವಾಗಿದೆ. ಏಕೆಂದರೆ ಹುಡುಗನಿಗೆ ಆಗುವ ಗಾಯ ಅಲ್ಲಿಲ್ಲ.

ಗಾಯವಿರುವುದು ಅಂಗಡಿಯಲ್ಲಿ. ಬಿಟ್ಟಿಯಾಗಿ ದೊರೆಯುವ ಈ ಆಟದ ಒಳಗೆ ಒಂದು ಅಂಗಡಿ ಇದೆ. ಅಲ್ಲಿ 'ಯುಸಿ' ಎಂಬ ಹುಸಿನಾಣ್ಯ ಚಲಾವಣೆಯಲ್ಲಿದೆ. ನಿಜವಾದ ರೂಪಾಯಿ ಕೊಟ್ಟು ಅದನ್ನು ಕೊಳ್ಳಬೇಕು. ಅದರಿಂದ ಬಂದೂಕಿಗೆ ಬಣ್ಣದ ಹೊದಿಕೆ, ಸೈನಿಕನಿಗೆ ಜರತಾರಿಯ ಅಂಗಿ ಕೊಳ್ಳಬೇಕು. ಇವುಗಳಿಂದ ಗುಂಡಿನ ವೇಗ ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ. ಹೆಚ್ಚುವುದು ಗೆಳೆಯರ ಮುಂದಿನ ಠೀವಿ ಮಾತ್ರ. ಇಷ್ಟೇ ಆಗಿದ್ದರೆ ಜಾತ್ರೆಯಲ್ಲಿ ಬಣ್ಣದ ಕನ್ನಡಕ ಕೊಂಡಂತೆ ಎಂದು ಸುಮ್ಮನಿರಬಹುದಾಗಿತ್ತು. ಆದರೆ ಅತ್ಯಂತ ಸೊಗಸಾದ ವಸ್ತುಗಳು ನೇರವಾಗಿ ಮಾರಾಟಕ್ಕಿರುವುದು ಕಡಿಮೆ. ಅವು ಮುಚ್ಚಿದ ಪೆಟ್ಟಿಗೆಗಳಲ್ಲಿ, ತಿರುಗುವ ಚಕ್ರಗಳಲ್ಲಿ ಇರುತ್ತವೆ. ಹಣ ಕಟ್ಟಿ ಪೆಟ್ಟಿಗೆ ತೆರೆಯಬೇಕು. ಬೇಕಾದುದು ಸಿಕ್ಕರೆ ಸಿಕ್ಕಿತು, ಇಲ್ಲವಾದರೆ ಮತ್ತೆ ಕಟ್ಟಬೇಕು. ಹಸ್ತಿನಾವತಿಯ ಸಭೆಯಲ್ಲಿ ಧರ್ಮರಾಯನನ್ನು ಕೂರಿಸಿದ ಆಟಕ್ಕೂ ಇದಕ್ಕೂ ಇರುವ ಅಂತರವೆಂದರೆ, ಧರ್ಮರಾಯನಿಗೆ ಎದುರಿಗೆ ಕುಳಿತ ಶಕುನಿಯ ಮುಖವಾದರೂ ಕಾಣುತ್ತಿತ್ತು.

ಅಮೆರಿಕೆಯ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳು ಪ್ರಸಿದ್ಧವಾಗಿವೆ. ಗುಂಡಿಯನ್ನು ಕುಕ್ಕಿದಾಗಲೆಲ್ಲ ಕಾಳು ದೊರೆತರೆ ಹಕ್ಕಿ ಹಸಿವಾದಷ್ಟೇ ಕುಕ್ಕುತ್ತದೆ. ಯಾವಾಗ ದೊರೆಯುವುದೆಂಬುದು ತಿಳಿಯದಂತೆ ಮಾಡಿದರೆ ಬಿಡುವಿಲ್ಲದೆ ಕುಕ್ಕತೊಡಗುತ್ತದೆ. ಕಾಳು ಬರುವುದು ನಿಂತ ಮೇಲೂ ಬಹುಕಾಲ ಬಿಡುವುದಿಲ್ಲ. ಜೂಜಿನ ಯಂತ್ರದ ಮರ್ಮವೂ ಇದೇ, ಈ ಪೆಟ್ಟಿಗೆಗಳ ಮರ್ಮವೂ ಇದೇ. ಬೆಲ್ಜಿಯಂ ದೇಶ 2018ರಲ್ಲಿಯೇ ಹಣ ಕೊಟ್ಟು ತೆರೆಯುವ ಇಂಥ ಪೆಟ್ಟಿಗೆಗಳನ್ನು ಜೂಜೆಂದು ಪರಿಗಣಿಸಿತು. ಭಾರತದ ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾನೂನು ಹಣ ಗೆಲ್ಲುವ ಆಸೆಯಿಂದ ಹಣ ಒಡ್ಡುವ ಆಟಗಳನ್ನು ನಿಷೇಧಿಸಿತು. ಬಣ್ಣದ ಅಂಗಿಯ ಆಸೆಯಿಂದ ಹಣ ಕಟ್ಟುವುದು ಆ ಬಲೆಗೆ ಬೀಳಲಿಲ್ಲ. 2021ರಲ್ಲಿ ಆಟ ಮರಳಿದಾಗ ಹದಿನೆಂಟು ವರ್ಷದೊಳಗಿನವರಿಗೆ ಸಂಸ್ಥೆ ವಿಧಿಸಿದ ಮಿತಿ ದಿನಕ್ಕೆ 7,000 ರೂಪಾಯಿ! ಡೊಂಬಿವಲಿಯಿಂದ ಬೆಳಗಿನ ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಹೋಗುವ ಗುಮಾಸ್ತನ ಮಗನಿಗೆ ಇದನ್ನು ಮಿತಿಯೆಂದು ಕರೆಯುವುದು ಕ್ರೂರವಾದ ಹಾಸ್ಯ.

ಕೊಂಡದ್ದು ಕೊಂಡವನ ಸ್ವತ್ತೂ ಆಗುವುದಿಲ್ಲ. 2022ರ ಜುಲೈ 28ರಂದು ಸರಕಾರದ ಆಜ್ಞೆಯ ಮೇರೆಗೆ ಈ ಆಟ ಮತ್ತೊಮ್ಮೆ ಅಂಗಡಿಗಳಿಂದ ಮಾಯವಾಯಿತು. ಹತ್ತು ತಿಂಗಳ ಕಾಲ ಹೊಸದಾಗಿ ಪಡೆಯುವ ದಾರಿ ಇರಲಿಲ್ಲ. ಮುಂಜಿಗೆ ಬಂದ ಉಡುಗೊರೆ ಹಣವನ್ನೆಲ್ಲ ಸುರಿದು ಜರತಾರಿಯ ಅಂಗಿ ಕೊಂಡ ಬಾಲಕನಿಗೆ, ತಾನು ಕೊಂಡದ್ದು ಅಂಗಿಯಲ್ಲ, ಯಾರದೋ ಯಂತ್ರದಲ್ಲಿರುವ ಚಿತ್ರವನ್ನು ಅವರು ಒಪ್ಪುವಷ್ಟು ದಿನ ತೊಡುವ ಅನುಮತಿ ಎಂಬುದು ಆಗ ತಿಳಿಯಿತು.

ಎರಡನೆಯ ಗಾಯ ನಿದ್ರೆಯದು. ಹದಿಮೂರರಿಂದ ಹದಿನೆಂಟು ವರ್ಷದವರಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆಗಳ ನಿದ್ರೆ ಅವಶ್ಯವೆಂಬುದು ವೈದ್ಯರ ಮತ. ನಡುರಾತ್ರಿಯವರೆಗೆ ಪ್ರಾಣ ಉಳಿಸಿಕೊಳ್ಳುವ ಉದ್ವೇಗದಲ್ಲಿದ್ದ ಮೈ, ಫೋನು ಕೆಳಗಿಟ್ಟ ಕೂಡಲೆ ಮಲಗಲೊಪ್ಪುವುದಿಲ್ಲ. ಬೆಳಿಗ್ಗೆ ಆರಕ್ಕೆ ಏಳಲೇಬೇಕಾದ ನಗರಜೀವನದಲ್ಲಿ ಸಾಲ ತೀರುವುದೇ ಇಲ್ಲ. ಪರದೆಯನ್ನು ನೆಟ್ಟ ದೃಷ್ಟಿಯಿಂದ ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ, ಉರಿಯುತ್ತದೆ. ಹೆಬ್ಬೆರಳಿನ ಬುಡದಲ್ಲಿ ಮಣಿಕಟ್ಟಿನ ಕಡೆಗೆ ನೋವು ಕಾಣಿಸಿಕೊಂಡರೆ ಅದನ್ನು ಉಳುಕೆಂದು ಎಣ್ಣೆ ತಿಕ್ಕಿ ಬಿಡಬಾರದು. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಡಿ ಕರ್ವೇನ್ 1895ರಲ್ಲಿ ವರ್ಣಿಸಿದ, ಸ್ನಾಯುರಜ್ಜುಗಳ ಹೊದಿಕೆ ಬಾತುಕೊಳ್ಳುವ ಆ ಬೇನೆ ಹೆಬ್ಬೆರಳಿಗೆ ವಿಶ್ರಾಂತಿಯನ್ನು ಬೇಡುತ್ತದೆ. ದೂರದೃಷ್ಟಿ ಮಂದವಾಗುವ ದೋಷಕ್ಕೆ ಮಾತ್ರ ಆಟವೊಂದನ್ನೇ ದೂರುವುದು ನ್ಯಾಯವಲ್ಲ. ಬಯಲಿನ ಬೆಳಕಿನ ಅಭಾವವೂ ಕಾರಣ. ತೈವಾನಿನಲ್ಲಿ 2010ರಿಂದ ಶಾಲಾಮಕ್ಕಳು ದಿನಕ್ಕೆ ಎರಡು ಗಂಟೆ ಹೊರಗಿರುವಂತೆ ಪ್ರೋತ್ಸಾಹಿಸಲಾಗುತ್ತಿದೆ. ಮುಂಬಯಿಯಲ್ಲಿ ಆ ಬಯಲು ಎಲ್ಲಿದೆ?

ಪ್ರಶ್ನೆ ಅಲ್ಲಿಗೇ ಬಂದು ನಿಲ್ಲುತ್ತದೆ. ತಂದೆಗೆ ಹುಬ್ಬಳ್ಳಿಯ ಓಣಿ ಇತ್ತು. ಚಿನ್ನಿದಾಂಡು, ಲಗೋರಿ ಇದ್ದವು. ಸಂಜೆ ಹೆಸರು ಹಿಡಿದು ಕೂಗಿದರೆ ಹತ್ತು ಮನೆಗಳಿಂದ ಹುಡುಗರು ಬರುತ್ತಿದ್ದರು. ಮಗನಿಗೆ ಇರುವುದು ಕಾರುಗಳು ನಿಂತ ಅಂಗಳ ಮತ್ತು ಚೆಂಡಾಟ ನಿಷಿದ್ಧವೆಂಬ ಫಲಕ. ನಾಲ್ವರ ತಂಡ ಕಟ್ಟಿಕೊಂಡು ಆಡುವ ಈ ಆಟವೇ ಅವನ ಓಣಿ. ಪೆಟ್ಟು ತಿಂದು ಬಿದ್ದ ಸಂಗಡಿಗನನ್ನು ಗುಂಡಿನ ಮಳೆಯಲ್ಲಿ ತೆವಳಿ ಹೋಗಿ ಎಬ್ಬಿಸುವುದು, ತನ್ನಲ್ಲಿರುವ ಔಷಧಿಯಲ್ಲಿ ಪಾಲು ಕೊಡುವುದು, ಇವು ಅಲ್ಲಿಯ ನಿತ್ಯದ ವ್ಯವಹಾರ. ಇದನ್ನು ಅರಿಯದೆ ತಂದೆ ನಡುವೆ ಬಂದು ಫೋನನ್ನು ಕಸಿದುಕೊಂಡರೆ, ಹುಡುಗನ ದೃಷ್ಟಿಯಲ್ಲಿ ಅದು ಆಟ ನಿಂತದ್ದಲ್ಲ. ಮೂವರು ಗೆಳೆಯರನ್ನು ರಣದಲ್ಲಿ ಬಿಟ್ಟು ಓಡಿಬಂದ ಅಪಮಾನ. ಮನೆಯಲ್ಲಿ ಬಾಗಿಲು ಬಡಿಯುವ ಶಬ್ದ ಕೇಳುವುದು ಆ ಗಳಿಗೆಯಲ್ಲಿ.

ಒಂದು ಸುತ್ತು ಮುಗಿಯಲು ಸುಮಾರು ಅರ್ಧ ಗಂಟೆ ಬೇಕು. ಆದುದರಿಂದ ನಿಮಿಷಗಳ ಲೆಕ್ಕದಲ್ಲಿ ಜಗಳವಾಡುವುದಕ್ಕಿಂತ ಸುತ್ತುಗಳ ಲೆಕ್ಕದಲ್ಲಿ ಒಪ್ಪಂದ ಮಾಡಿಕೊಳ್ಳುವುದು ಜಾಣತನ: ಊಟಕ್ಕೆ ಮುಂಚೆ ಎರಡು ಸುತ್ತು, ಊಟವಾದ ಮೇಲೆ ಒಂದೂ ಇಲ್ಲ. 2023ರ ಮೇ ತಿಂಗಳಲ್ಲಿ ಆಟ ಪುನಃ ಬಂದಾಗ ಬಾಲಕರಿಗೆ ದಿನಕ್ಕೆ ಮೂರು ಗಂಟೆ, ವಯಸ್ಕರಿಗೆ ಆರು ಗಂಟೆ ಎಂಬ ಮಿತಿ ಇತ್ತು. ಮೂರು ಗಂಟೆಯೆಂದರೆ ಶಾಲೆ ಬಿಟ್ಟ ಮೇಲಿನ ಸಂಜೆಯೆಲ್ಲವೂ ಆಯಿತು. ಅಲ್ಲದೆ ಬಾಲಕ ಕೊಡಬೇಕಾದ ತಂದೆತಾಯಿಗಳ ಫೋನ್ ಸಂಖ್ಯೆ ಅವನದೇ ಎರಡನೆಯ ಸಂಖ್ಯೆಯಾಗಿದ್ದರೆ ಬಲ್ಲವರಾರು? ಮನೆಯ ಕಟ್ಟಳೆಯನ್ನು ಮನೆಯಲ್ಲಿಯೇ ಕಟ್ಟಬೇಕು. ಹಣದ ವಿಷಯದಲ್ಲಿ ಮಾತ್ರ ದಾಕ್ಷಿಣ್ಯ ಕೂಡದು. ಫೋನಿನ ಅಂಗಡಿಗೆ ಬ್ಯಾಂಕಿನ ಕಾರ್ಡನ್ನಾಗಲಿ ಯುಪಿಐಯನ್ನಾಗಲಿ ಜೋಡಿಸಿ ಬಿಟ್ಟಿರಬಾರದು; ಪ್ರತಿ ಖರೀದಿಗೂ ಗುಪ್ತಪದ ಬೇಕೆಂದು ಗೊತ್ತುಮಾಡಬೇಕು; ಆ ಪದ ಮನೆದೇವರ ಹೆಸರಾಗಿರಬಾರದು, ಮಕ್ಕಳು ಮೊದಲು ಊಹಿಸುವುದು ಅದನ್ನೇ.

ಆಟ ಯಾವಾಗ ರೋಗವಾಗುತ್ತದೆ ಎಂಬುದಕ್ಕೂ ಅಳತೆಗೋಲು ಇದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿ 2022ರ ಜನವರಿ 1ರಿಂದ ಜಾರಿಗೆ ತಂದ ರೋಗಗಳ ವರ್ಗೀಕರಣದಲ್ಲಿ ಆಟದ ವ್ಯಸನ ಸೇರಿದೆ. ಆಡಿದ ಗಂಟೆಗಳ ಎಣಿಕೆ ಅಲ್ಲಿಲ್ಲ. ಹಿಡಿತ ತಪ್ಪುವುದು, ಆಟವೇ ಉಳಿದೆಲ್ಲಕ್ಕಿಂತ ಮುಖ್ಯವಾಗುವುದು, ಹಾನಿ ಕಂಡರೂ ಬಿಡಲಾಗದಿರುವುದು, ಇವು ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಮುಂದುವರಿದಿರಬೇಕು. ಪರೀಕ್ಷೆ ಮುಗಿದ ವಾರವೆಲ್ಲ ಆಡಿದ ಹುಡುಗ ರೋಗಿಯಲ್ಲ. ಊಟ, ಸ್ನಾನ, ಸ್ನೇಹ, ಓದು ಒಂದೊಂದಾಗಿ ಕಳಚಿ ಬೀಳುತ್ತಿದ್ದರೆ ಮಂತ್ರ-ತಾಯಿತಗಳಲ್ಲಿ ಕಾಲ ಕಳೆಯದೆ ವೈದ್ಯರಲ್ಲಿಗೆ ಹೋಗಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಇದಕ್ಕಾಗಿಯೇ 'ಶಟ್' ಎಂಬ ಚಿಕಿತ್ಸಾಲಯವನ್ನು 2014ರಲ್ಲಿ ತೆರೆಯಿತು. ರಜೆಗೆ ಊರಿಗೆ ಹೋಗುವ ಹೊರನಾಡ ಕನ್ನಡಿಗರಿಗೆ ಅದು ದೂರವೂ ಅಲ್ಲ, ಅಲ್ಲಿ ಕನ್ನಡದಲ್ಲಿ ಮಾತನಾಡಲು ಸಂಕೋಚವೂ ಇಲ್ಲ.

ಕನ್ನಡ ಸಂಘಗಳ ಹೊಣೆಯನ್ನೂ ಇಲ್ಲಿ ನೆನೆಯಬೇಕಾಗಿದೆ. ವಾರ್ಷಿಕೋತ್ಸವದ ಕ್ರೀಡಾಸ್ಪರ್ಧೆಗಳಲ್ಲಿ ಚಿಕ್ಕ ಮಕ್ಕಳಿಗೆ ನಿಂಬೆಹಣ್ಣು-ಚಮಚದ ಓಟವುಂಟು, ಮಹಿಳೆಯರಿಗೆ ರಂಗೋಲಿಯುಂಟು, ಹಿರಿಯರಿಗೆ ಕೇರಂ ಉಂಟು. ಹದಿನೈದರ ಹುಡುಗನಿಗೆ ಏನುಂಟು? ಭಾಷಣ ನಡೆಯುತ್ತಿರುವಾಗ ಸಭಾಗೃಹದ ಕಡೆಯ ಸಾಲಿನಲ್ಲಿ ನಾಲ್ವರು ಹುಡುಗರು ಹೆಗಲಿಗೆ ಹೆಗಲು ತಾಗಿಸಿ, ತಲೆ ತಗ್ಗಿಸಿ ಕುಳಿತಿರುತ್ತಾರೆ. ಒಬ್ಬನ ತಂದೆತಾಯಿಗಳು ಬೀದರಿನವರು, ಒಬ್ಬನವರು ಉಡುಪಿಯವರು, ಇನ್ನಿಬ್ಬರು ವಿಜಾಪುರದ ಕಡೆಯವರು. ವೇದಿಕೆಯಿಂದ ಶಾಂತವಾಗಿರಿ ಎಂದು ಸೂಚನೆ ಬರುತ್ತದೆ. ಅವರು ದನಿ ತಗ್ಗಿಸಿ, ತಮ್ಮ ತಮ್ಮ ಕನ್ನಡದಲ್ಲಿ, ಯಾವ ಮನೆಯ ಹಿಂದೆ ಯಾರಿದ್ದಾರೆಂಬುದನ್ನು ಒಬ್ಬರಿಗೊಬ್ಬರು ತಿಳಿಸುತ್ತಿರುತ್ತಾರೆ.