ಹೂಟರ್ ನಿಂತ ಊರು

ಇಂಗ್ಲೆಂಡಿನ ಸ್ವಿಂಡನ್‌ನಲ್ಲಿ ಬೆಳೆದ ಹಿರಿಯರ ನೆನಪುಗಳನ್ನು ಓದುತ್ತಿದ್ದೆ. 1843ರಲ್ಲಿ ಶುರುವಾದ ರೈಲ್ವೆ ಕಾರ್ಖಾನೆಯ ಹೂಟರೇ ಅಲ್ಲಿ ಊರಿನ ಗಡಿಯಾರ. ಜುಲೈ ಬಂತೆಂದರೆ ಕಾರ್ಖಾನೆಗೆ ರಜೆ. ಹೆಂಡತಿ ಮಕ್ಕಳೊಂದಿಗೆ ಪುಕ್ಕಟೆ ರೈಲು ಹತ್ತಿ ಸಮುದ್ರ ನೋಡಲು ಹೊರಟರೆ ಅರ್ಧ ಊರೇ ಖಾಲಿ! ಅಜ್ಜಂದಿರ ಕಾಲದಲ್ಲಿ ಆ ರಜೆಗೆ ಸಂಬಳವಿರಲಿಲ್ಲ ಅನ್ನುವುದನ್ನು ನೆನೆಯುವವರು ಮಾತ್ರ ಕಮ್ಮಿ. ಬ್ಯಾಂಕಿನವನಾದ ನನಗೆ ಇದು ಬರೀ ಜಮೆ ಬರೆದ ಪಾಸ್‌ಬುಕ್ಕಿನಂತೆ ಕಾಣುತ್ತದೆ.

ಹಾಗಂತ ಅವರ ಸಂಕಟ ಸುಳ್ಳಲ್ಲ. 1986ರಲ್ಲಿ ಕಾರ್ಖಾನೆ ಮುಚ್ಚಿತು. 1997ರಲ್ಲಿ ಅದೇ ಇಟ್ಟಿಗೆ ಕಟ್ಟಡಗಳಲ್ಲಿ ಮಾಲ್ ಬಂತು. ಗೋಡೆ ಉಳಿಸಿದರು, ಸಂತೋಷ. ಆದರೆ ಅಪ್ಪ ಎಂಜಿನ್ ಕಟ್ಟಿದ ಜಾಗದಲ್ಲಿ ಮಗ ಅಂಗಿ ಕೊಳ್ಳುವುದು ಏಳಿಗೆಯೇ? ನಮ್ಮ ಮುಂಬಯಿಯ ಲೋವರ್ ಪರೇಲ್‌ನಲ್ಲಿ, ಹಳೇ ಫೀನಿಕ್ಸ್ ಮಿಲ್ಲಿನ ಚಿಮಣಿ ಪಕ್ಕದ ಮಾಲಿಗೆ ಹೋದಾಗಲೆಲ್ಲ ನಾನೂ ಇದನ್ನೇ ಕೇಳಿಕೊಳ್ಳುತ್ತೇನೆ. ಅಂಗಿಯನ್ನೂ ಕೊಂಡೇ ಬರುತ್ತೇನೆ ಅನ್ನಿ.