ಅಳತೆ ತಪ್ಪಿದ ಧ್ವನಿ

ಯಂತ್ರವೊಂದು ಸರಿಯಾಗಿ ನಡೆಯದೆ ಹೋದಾಗ ನಾವು ಮೊದಲು ಸಂಶಯಪಡುವುದು ಕಣ್ಣಿಗೆ ಕಾಣುವ ಭಾಗವನ್ನು. ಗಣಕಯಂತ್ರದಿಂದ ಹೊರಡುವ ಧ್ವನಿ ಒಡೆದು ಕೇಳಿಸಿದರೆ ತಂತಿಯನ್ನು ಅಲುಗಿಸಿ ನೋಡುತ್ತೇವೆ, ಧ್ವನಿವರ್ಧಕವನ್ನು ಬದಲಾಯಿಸುತ್ತೇವೆ, ಅದರಿಂದಲೂ ಫಲ ಕಾಣದಿದ್ದರೆ ತಂತ್ರಾಂಶವನ್ನೇ ಅಳಿಸಿ ಮತ್ತೊಮ್ಮೆ ಸ್ಥಾಪಿಸುತ್ತೇವೆ. ಹಾಡು ಕೇಳುವ ಸಾಮಾನ್ಯ ಸಾಧನಗಳಲ್ಲಿ ಈ ಕ್ರಮ ಒಮ್ಮೊಮ್ಮೆ ಫಲಿಸೀತು. ಆದರೆ ಧ್ವನಿಯನ್ನು ಅಂಕಿಗಳ ರೂಪದಲ್ಲಿ ನಮ್ಮ ಕೈಗೆ ಕೊಟ್ಟು, ಅದನ್ನು ಸೋಸಲು, ಅಳೆಯಲು, ತಿದ್ದಲು ಅವಕಾಶವೀಯುವ ಮ್ಯಾಟ್‌ಲ್ಯಾಬ್, ಆಕ್ಟೇವ್, ಗ್ನೂ ರೇಡಿಯೊ ಮೊದಲಾದ ಸಂಕೇತ ಸಂಸ್ಕರಣದ ತಂತ್ರಾಂಶಗಳಲ್ಲಿ ದೋಷವು ಸಾಮಾನ್ಯವಾಗಿ ತಂತಿಯಲ್ಲಿಯೂ ಇರುವುದಿಲ್ಲ, ಧ್ವನಿವರ್ಧಕದಲ್ಲಿಯೂ ಇರುವುದಿಲ್ಲ. ಅಂಕಿಗಳು ತಮ್ಮ ಅಳತೆಯಿಂದ ಬೇರ್ಪಟ್ಟಿರುವುದೇ ಅಲ್ಲಿಯ ದೋಷ. ಹೀಗೆ ಅಳತೆ ಕಾಣದಿದ್ದಾಗ ತಂತ್ರಾಂಶವು ತಾನೇ ಒಂದು ಊಹೆ ಮಾಡಿ, ಆ ಮಾತನ್ನು ನಮಗೆ ತಿಳಿಸದೆ ಮುಂದುವರಿಯುವುದು ಉಪಕಾರವಲ್ಲ, ಅಪಕಾರ ಎಂಬುದು ನನ್ನ ಅಭಿಮತ.

ಇದನ್ನು ವಿಶದಪಡಿಸಲು ಅಂಕೀಯ ಧ್ವನಿಯ ಸ್ವರೂಪವನ್ನು ಸ್ವಲ್ಪ ಪರಿಶೀಲಿಸಬೇಕು. ಧ್ವನಿಯೆಂದರೆ ಗಾಳಿಯ ಒತ್ತಡದಲ್ಲಿ ಉಂಟಾಗುವ ಏರಿಳಿತ. ಈ ಏರಿಳಿತವನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ ಒಂದು ಅಂಕಿಯಾಗಿ ಬರೆದಿಟ್ಟರೆ ಧ್ವನಿಮುದ್ರಣವಾಯಿತು. ಇಂಥ ಒಂದೊಂದು ಅಂಕಿಗೂ ಮಾದರಿ ಎಂದು ಹೆಸರು. ಸೆಕೆಂಡಿಗೆ ಎಷ್ಟು ಮಾದರಿಗಳೆಂಬುದೇ ಮಾದರಿ ದರ. ೧೯೨೮ರಲ್ಲಿ ಹ್ಯಾರಿ ನೈಕ್ವಿಸ್ಟನು ಸೂಚಿಸಿ, ೧೯೪೯ರಲ್ಲಿ ಕ್ಲಾಡ್ ಶ್ಯಾನನನು ಸಾಧಿಸಿ ತೋರಿಸಿದಂತೆ, ಈ ದರವು ಧ್ವನಿಯಲ್ಲಿರುವ ಅತ್ಯಧಿಕ ಆವರ್ತಾಂಕದ ಎರಡರಷ್ಟಕ್ಕಿಂತ ಹೆಚ್ಚಾಗಿರಬೇಕು. ಮನುಷ್ಯನ ಕಿವಿಗೆ ಸುಮಾರು ೨೦,೦೦೦ ಹರ್ಟ್ಸ್‌ವರೆಗೆ ಕೇಳಿಸುವುದರಿಂದ ಸಂಗೀತಕ್ಕೆ ದರವು ೪೦,೦೦೦ವನ್ನು ಮೀರಬೇಕಾಯಿತು. ೧೯೮೨ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ತಟ್ಟೆಗೆ ೪೪,೧೦೦ ಎಂಬ ದರ ಗೊತ್ತಾಯಿತು. ಈ ವಿಚಿತ್ರ ಸಂಖ್ಯೆ ಹುಟ್ಟಿದುದು ವೀಡಿಯೊ ಟೇಪಿನಿಂದ. ಆಗ ಧ್ವನಿಯ ಅಂಕಿಗಳನ್ನು ಚಿತ್ರದ ಗೆರೆಗಳಲ್ಲಿ ಅಡಗಿಸಿ ಟೇಪಿನ ಮೇಲೆ ಬರೆಯುತ್ತಿದ್ದರು: ಗೆರೆಗೆ ೩ ಮಾದರಿ, ಸಲಕ್ಕೆ ೨೪೫ ಗೆರೆ, ಸೆಕೆಂಡಿಗೆ ೬೦ ಸಲ, ಗುಣಿಸಿದರೆ ೪೪,೧೦೦. ಚಲಚ್ಚಿತ್ರ, ಟೆಲಿವಿಷನ್‌ಗಳ ಕೆಲಸದಲ್ಲಾದರೋ ೪೮,೦೦೦ ಎಂಬ ಬೇರೊಂದು ದರ ನೆಲೆಗೊಂಡಿತು.

ಇಲ್ಲಿ ಮುಖ್ಯವಾಗಿ ಮನಗಾಣಬೇಕಾದ ಸಂಗತಿಯೆಂದರೆ, ಅಂಕಿಗಳ ಸಾಲಿನಲ್ಲಿ ಕಾಲವೆಂಬುದೇ ಇಲ್ಲ. ಅದನ್ನು ಎಷ್ಟು ವೇಗದಲ್ಲಿ ಓದಬೇಕೆಂಬುದನ್ನು ಹೊರಗಿನಿಂದ ಹೇಳಬೇಕು. ಮ್ಯಾಟ್‌ಲ್ಯಾಬಿನಲ್ಲಿ ಧ್ವನಿ ಹೊರಡಿಸುವ ಆಜ್ಞೆಗೆ ದರವನ್ನು ತಿಳಿಸದಿದ್ದರೆ ಅದು ೮,೧೯೨ ಎಂದು ಭಾವಿಸುತ್ತದೆ. ಆಕ್ಟೇವ್ ೮,೦೦೦ ಎಂದು ಭಾವಿಸುತ್ತದೆ. ಸಿ.ಡಿ.ಯಿಂದ ತೆಗೆದ ೩ ನಿಮಿಷದ ಹಾಡನ್ನು ಹೀಗೆ ೮,೧೯೨ರ ದರದಲ್ಲಿ ಹೊರಡಿಸಿದರೆ ಅದು ೧೬ ನಿಮಿಷಗಳಿಗೂ ಹೆಚ್ಚು ಕಾಲ ನರಳುತ್ತದೆ. ಶ್ರುತಿಯು ಎರಡು ಸ್ಥಾಯಿಗಿಂತಲೂ ಕೆಳಕ್ಕೆ ಕುಸಿಯುತ್ತದೆ. ಎಡಬಲಗಳ ಮಾದರಿಗಳು ಒಂದಾದ ಮೇಲೊಂದರಂತೆ ಹೆಣೆದುಕೊಂಡಿರುವ ಸ್ಟೀರಿಯೊ ಮುದ್ರಣವನ್ನು ಒಂದೇ ವಾಹಿನಿಯದೆಂದು ಓದಿದರೆ, ಕಾಲ ಇಮ್ಮಡಿಯಾಗಿ ಶ್ರುತಿ ಒಂದು ಸ್ಥಾಯಿ ಇಳಿಯುತ್ತದೆ.

ಇವು ದೊಡ್ಡ ತಪ್ಪುಗಳು. ಕೇಳಿದ ಕೂಡಲೆ ಸಿಕ್ಕಿಬೀಳುತ್ತವೆ. ನಿಜವಾದ ಅಪಾಯವಿರುವುದು ಸಣ್ಣ ತಪ್ಪಿನಲ್ಲಿ. ೪೪,೧೦೦ರ ದರದಲ್ಲಿ ಮುದ್ರಿಸಿದ ಒಂದು ಗಂಟೆಯ ಕಚೇರಿಯನ್ನು ೪೮,೦೦೦ದ ದರದಲ್ಲಿ ಓದಿದೆವೆನ್ನೋಣ. ಕಚೇರಿಯು ೫೫ ನಿಮಿಷಗಳ ಸುಮಾರಿಗೆ ಮುಗಿಯುತ್ತದೆ. ಶ್ರುತಿಯು ಸುಮಾರು ಒಂದೂವರೆ ಅರ್ಧಸ್ವರದಷ್ಟು ಏರುತ್ತದೆ. ಹಾರ್ಮೋನಿಯಮ್ಮಿನ ಒಂದನೆಯ ಮನೆಯಲ್ಲಿ ಹಾಡಿದವರು ಒಂದೂವರೆ ಮನೆಯನ್ನೂ ದಾಟಿ, ಎರಡನೆಯ ಮನೆಯನ್ನು ಮುಟ್ಟದೆ, ಯಾವ ಮನೆಗೂ ಸೇರದ ನಡುದಾರಿಯಲ್ಲಿ ನಿಲ್ಲುತ್ತಾರೆ. ಆದರೂ ರಾಗ ಕೆಡುವುದಿಲ್ಲ, ತಾಳ ತಪ್ಪುವುದಿಲ್ಲ; ಗಾಯಕರ ಕಂಠವನ್ನು ಬಲ್ಲವರ ಹೊರತು ಬೇರೆಯವರಿಗೆ ಏನೂ ಕೊರತೆ ಕಾಣುವುದಿಲ್ಲ.

ಎರಡನೆಯ ಬಗೆಯ ದೋಷ ಅಂಕಿಯ ಎತ್ತರಕ್ಕೆ ಸಂಬಂಧಿಸಿದ್ದು. ೧೬ ಬಿಟ್ಟಿನ ಮುದ್ರಣದಲ್ಲಿ ಮಾದರಿಗಳು −೩೨,೭೬೮ರಿಂದ ೩೨,೭೬೭ರವರೆಗಿನ ಪೂರ್ಣಾಂಕಗಳಾಗಿರುತ್ತವೆ. ಭಿನ್ನರಾಶಿಗಳಲ್ಲಿ ಕೆಲಸ ಮಾಡುವ ತಂತ್ರಾಂಶವು ಅದೇ ಏರಿಳಿತವನ್ನು −೧ ಮತ್ತು +೧ರ ನಡುವೆ ನಿರೀಕ್ಷಿಸುತ್ತದೆ. ಭಾಗಿಸದೆ ಹಾಗೆಯೇ ಒಪ್ಪಿಸಿದರೆ ೧ನ್ನು ಮೀರಿದುದೆಲ್ಲವೂ ಕತ್ತರಿಸಿಹೋಗಿ, ದುಂಡಗಿದ್ದ ತರಂಗವು ಚೌಕಗಳ ಸಾಲಾಗುತ್ತದೆ. ಇಂಪಾದ ಕಂಠವು ಕರ್ಕಶವಾದ ಗೊರಗೊರವಾಗುತ್ತದೆ. ಕೇಳುವವನು ಧ್ವನಿವರ್ಧಕ ಹರಿದಿದೆಯೆಂದು ತೀರ್ಮಾನಿಸುವುದು ಇಂಥ ಸಂದರ್ಭದಲ್ಲಿಯೇ.

ಮೂರನೆಯದು ಎರಡು ಗಡಿಯಾರಗಳ ಜಗಳ. ಗ್ನೂ ರೇಡಿಯೊವನ್ನು ಬಳಸುವ ಹವ್ಯಾಸಿಯೊಬ್ಬನು ತನ್ನ ಗ್ರಾಹಕದಿಂದ ಸೆಕೆಂಡಿಗೆ ೨೪,೦೦,೦೦೦ ಮಾದರಿಗಳನ್ನು ಪಡೆದು, ಸೋಸಿ, ೫೦ಕ್ಕೆ ಒಂದರಂತೆ ಇಳಿಸಿ ಸೌಂಡ್ ಕಾರ್ಡಿಗೆ ೪೮,೦೦೦ ಕೊಡುತ್ತಾನೆ. ಲೆಕ್ಕ ಸರಿಯಾಗಿದೆ. ಆದರೆ ಗ್ರಾಹಕದ ಹರಳು ಒಂದು ಗಡಿಯಾರ, ಸೌಂಡ್ ಕಾರ್ಡಿನ ಹರಳು ಇನ್ನೊಂದು. ಮೊದಲನೆಯದು ಎರಡನೆಯದಕ್ಕಿಂತ ದಶಲಕ್ಷಕ್ಕೆ ೧೦೦ ಪಾಲಿನಷ್ಟು ನಿಧಾನವಾಗಿದ್ದರೆ ಸೆಕೆಂಡಿಗೆ ೪.೮ ಮಾದರಿಗಳ ಕೊರತೆ ಬೀಳುತ್ತದೆ. ನಡುವೆ ೪,೮೦೦ ಮಾದರಿಗಳ ಬಫರ್, ಅಂದರೆ ತಾತ್ಕಾಲಿಕ ಕಣಜ, ಇದ್ದರೆ ಅದು ೧,೦೦೦ ಸೆಕೆಂಡುಗಳಲ್ಲಿ ಬರಿದಾಗಿ ಟಕ್ಕೆಂದು ಧ್ವನಿ ಮುರಿಯುತ್ತದೆ. ಸುಮಾರು ೧೭ ನಿಮಿಷಕ್ಕೊಮ್ಮೆ ಕಾಣಿಸಿಕೊಳ್ಳುವ ಈ ಪೀಡೆಯನ್ನು ತಂತಿ ಅಲುಗಿಸಿ ಗುಣಪಡಿಸಲು ಸಾಧ್ಯವೆ? ಗ್ನೂ ರೇಡಿಯೊವಿನ ಒಂದು ಗುಣವನ್ನು ಇಲ್ಲಿ ಮೆಚ್ಚಬೇಕು. ಲಿನಕ್ಸ್ ಗಣಕಗಳಲ್ಲಿ ಕಣಜ ಬರಿದಾದಾಗಲೆಲ್ಲ ಅದು ಪರದೆಯ ಮೇಲೆ ‘ಎ’, ‘ಯು’ ಎಂಬ ಎರಡು ಅಕ್ಷರಗಳನ್ನು ಮೂಡಿಸಿ ತನ್ನ ಹಸಿವನ್ನು ಒಪ್ಪಿಕೊಳ್ಳುತ್ತದೆ. ಬಾಯಿಬಿಟ್ಟು ಹೇಳುವ ರೋಗಿಗೆ ಮದ್ದು ಕೊಡುವುದು ಸುಲಭ.

ಈ ಮೂರು ಬಗೆಗಳನ್ನೂ ಪ್ರತ್ಯೇಕಿಸಲು ಖರ್ಚಿಲ್ಲದ ಪರೀಕ್ಷೆಯೊಂದುಂಟು. ಗರಿಷ್ಠ ಎತ್ತರ ಅರ್ಧವಿರುವ, ೧,೦೦೦ ಹರ್ಟ್ಸಿನ, ೧೦ ಸೆಕೆಂಡುಗಳ ಶುದ್ಧ ನಾದವನ್ನು ಆ ತಂತ್ರಾಂಶದಲ್ಲಿಯೇ ರಚಿಸಿ ಹೊರಡಿಸಬೇಕು. ಅದು ಸರಿಯಾದ ಶ್ರುತಿಯಲ್ಲಿ, ಸರಿಯಾಗಿ ೧೦ ಸೆಕೆಂಡು, ಒಡಕಿಲ್ಲದೆ ಕೇಳಿಸಿದರೆ ಹಾದಿ ನೆಟ್ಟಗಿದೆ. ದೋಷವನ್ನು ಮುದ್ರಣದ ಅಂಕಿಗಳಲ್ಲಿ ಹುಡುಕಬೇಕು. ಕಾಲ ತಪ್ಪಿದರೆ ದರವನ್ನೂ, ಕರ್ಕಶವಾದರೆ ಎತ್ತರವನ್ನೂ ಪರೀಕ್ಷಿಸಬೇಕು. ಟಕ್ಕೆಂಬ ಸದ್ದು ಬಹುಕಾಲಕ್ಕೊಮ್ಮೆ ಬರುವುದಾದರೆ ಅದೇ ನಾದವನ್ನು ಒಂದು ಗಂಟೆ ನಡೆಸಿ ನೋಡಬೇಕು; ಆಗಲೂ ಮುರಿಯದಿದ್ದರೆ ಗ್ರಾಹಕದ ಗಡಿಯಾರದ ಕಡೆಗೆ ತಿರುಗಬೇಕು.

ಇಷ್ಟೆಲ್ಲ ತೊಡಕನ್ನು ಬಳಸುವವನ ತಲೆಗೇಕೆ ಕಟ್ಟಬೇಕು, ತಂತ್ರಾಂಶವೇ ಎಲ್ಲವನ್ನೂ ಸರಿಪಡಿಸಿಕೊಳ್ಳಬಾರದೆ, ಎಂದು ಕೆಲವರು ಆಕ್ಷೇಪಿಸುತ್ತಾರೆ. ಹಾಡು ಕೇಳಿ ಸಂತೋಷಪಡುವವನ ಮಟ್ಟಿಗೆ ಈ ಆಕ್ಷೇಪ ನ್ಯಾಯವಾದುದೇ. ಆದರೆ ಅಳತೆಗೆಂದು ಕುಳಿತವನ ಮಟ್ಟಿಗೆ ಅಲ್ಲ. ಮ್ಯಾಟ್‌ಲ್ಯಾಬಿನಲ್ಲಿ ಎತ್ತರವನ್ನು ತಾನಾಗಿಯೇ ಹೊಂದಿಸಿ ಹೊರಡಿಸುವ ಇನ್ನೊಂದು ಆಜ್ಞೆಯಿದೆ. ಅದನ್ನು ಬಳಸಿದವನಿಗೆ ತನ್ನ ಸೋಸುವಿಕೆಯಿಂದ ಧ್ವನಿ ನೂರು ಪಟ್ಟು ಕುಗ್ಗಿದ್ದರೂ ಕಿವಿಗೆ ಗೊತ್ತಾಗುವುದಿಲ್ಲ. ತಾನೇ ಕೈಯಾಡಿಸುವ ತಕ್ಕಡಿಯನ್ನು ಯಾವ ವರ್ತಕನೂ ಅಂಗಡಿಯಲ್ಲಿಡನು. ವಿದ್ಯಾರ್ಥಿಯ ಮೇಜಿನ ಮೇಲೆ ಅದನ್ನು ಇಡುವುದು ಸರಿಯೆ? ತಿದ್ದುವುದು ಬೇಡವೆಂದಲ್ಲ, ತಿದ್ದಿದುದನ್ನು ತಿಳಿಸಬೇಕು.

ಇದು ಪ್ರಯೋಗಶಾಲೆಯೊಳಗಿನ ಮಾತಷ್ಟೇ ಆಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಹಳೆಯ ಟೇಪುಗಳನ್ನೂ ತಟ್ಟೆಗಳನ್ನೂ ಅಂಕಿಗಳಿಗೆ ಇಳಿಸುವ ಕಾರ್ಯ ಇಂದು ಸಂಸ್ಥೆಗಳಲ್ಲಿಯೂ ಮನೆಮನೆಗಳಲ್ಲಿಯೂ ನಡೆಯುತ್ತಿದೆ. ೧೯೦೨ರಲ್ಲಿ ಕಲ್ಕತ್ತೆಯಲ್ಲಿ ಗೋಹರ್ ಜಾನ್ ಅವರ ಕಂಠವನ್ನು ಗ್ರಾಮಫೋನ್ ತಟ್ಟೆಗೆ ಇಳಿಸಿದರು. ಕಡೆಗಾಲವನ್ನು ಮೈಸೂರಿನಲ್ಲಿ ಕಳೆದು ಆಕೆ ೧೯೩೦ರಲ್ಲಿ ಅಲ್ಲಿಯೇ ತೀರಿಕೊಂಡರು. ಆ ಕಾಲದ ತಟ್ಟೆಗಳೆಲ್ಲವೂ ನಿಮಿಷಕ್ಕೆ ೭೮ ಸುತ್ತು ಎಂಬ ಒಂದೇ ವೇಗದಲ್ಲಿ ಮುದ್ರಿತವಾದವುಗಳಲ್ಲ. ವೇಗವನ್ನು ಬರೆದಿಡದ ತಟ್ಟೆಯಿಂದ ಗಾಯಕರ ನಿಜವಾದ ಶ್ರುತಿಯನ್ನು ನಿಶ್ಚಯಿಸುವುದು ಕಷ್ಟ. ಅಂದಿನವರಿಗೆ ಬರೆದಿಡುವ ಏರ್ಪಾಟು ಇರಲಿಲ್ಲವೆನ್ನಬಹುದು. ನಮಗೆ ಆ ನೆಪವಿಲ್ಲ. ಮೈಕ್ರೋಸಾಫ್ಟ್ ಮತ್ತು ಐ.ಬಿ.ಎಂ. ಸಂಸ್ಥೆಗಳು ೧೯೯೧ರಲ್ಲಿ ರೂಪಿಸಿದ ವೇವ್ ಕಡತದ ತಲೆಭಾಗದಲ್ಲಿಯೇ ದರ, ವಾಹಿನಿಗಳ ಸಂಖ್ಯೆ, ಬಿಟ್ಟುಗಳ ಸಂಖ್ಯೆ ಮೂರೂ ದಾಖಲಾಗಿರುತ್ತವೆ. ತಲೆಭಾಗವನ್ನು ಕಳಚಿ ಬರಿಯ ಅಂಕಿಗಳನ್ನು ಕೈಯಿಂದ ಕೈಗೆ ದಾಟಿಸಿದಾಗಲೇ ಅನರ್ಥ ಆರಂಭವಾಗುವುದು.

ಆದುದರಿಂದ ಮೂರು ಸಲಹೆಗಳನ್ನು ಮುಂದಿಡುತ್ತೇನೆ. ತಂತ್ರಾಂಶಗಳನ್ನು ರಚಿಸುವವರು, ದರವನ್ನು ತಿಳಿಸದೆ ಧ್ವನಿ ಹೊರಡಿಸಲು ಹೇಳಿದಾಗ, ಊಹಿಸಿದ ದರವನ್ನು ಪರದೆಯ ಮೇಲೆ ಕಾಣಿಸಲಿ. ಕಾಲೇಜಿನ ಅಧ್ಯಾಪಕರು, ಸೋಸುವ ಸೂತ್ರಗಳನ್ನು ಬೋಧಿಸುವುದಕ್ಕೆ ಮುನ್ನ, ಒಂದೇ ಮುದ್ರಣವನ್ನು ಬೇರೆಬೇರೆ ದರಗಳಲ್ಲಿ ವಿದ್ಯಾರ್ಥಿಗಳಿಗೆ ಕೇಳಿಸಲಿ. ಹಳೆಯ ಮುದ್ರಣಗಳನ್ನು ಇಳಿಸುತ್ತಿರುವವರು ಪ್ರತಿಯೊಂದು ಕಡತದ ಜೊತೆಗೂ ಅದರ ಅಳತೆಗಳನ್ನು ಬರೆದಿಡಲಿ. ಗಾಯಕರನ್ನು ಎದುರಿಗೆ ಕುಳಿತು ಕೇಳಿದ ಹಿರಿಯರು ಇನ್ನೂ ನಮ್ಮೊಡನೆ ಇರುವಾಗಲೇ ಅವರಿಗೆ ಒಮ್ಮೆ ಕೇಳಿಸಿ, ಶ್ರುತಿ ಸರಿಯಿದೆಯೆ ಎಂದು ವಿಚಾರಿಸಲಿ. ಅವರ ಕಾಲ ಸಂದ ಮೇಲೆ ಈ ಪ್ರಶ್ನೆಗೆ ಉತ್ತರ ಹೇಳಬಲ್ಲುದು ಕಡತದೊಡನೆ ಬರೆದಿಟ್ಟ ಆ ಒಂದು ಸಂಖ್ಯೆ ಮಾತ್ರ.