ದನಿ ಒಡೆದ ಮೇಲೆ

ಪುಣೆಯ ನಮ್ಮ ಹೌಸಿಂಗ್ ಸೊಸೈಟಿಗಳಲ್ಲಿ ಗಣೇಶೋತ್ಸವ, ರಾಜ್ಯೋತ್ಸವ ಎಂದು ಮಕ್ಕಳಿಂದ ಕನ್ನಡ ಸಮೂಹಗಾನ ಹಾಡಿಸುತ್ತೇವಲ್ಲ, ಅದನ್ನು ನಾಲ್ಕೈದು ವರ್ಷ ಬಿಡದೆ ನೋಡಿದವರಿಗೆ ಒಂದು ಸಂಗತಿ ಕಣ್ಣಿಗೆ ಬಿದ್ದಿರಬೇಕು. ಮುಂದಿನ ಸಾಲಿನಲ್ಲಿ ಏಳೆಂಟು ವರ್ಷದ ಹುಡುಗರು ಕಿಕ್ಕಿರಿದು ನಿಂತಿರುತ್ತಾರೆ. ಹಿಂದಿನ ಸಾಲಿನಲ್ಲಿ ಹದಿನಾಲ್ಕು, ಹದಿನೈದರ ಹುಡುಗಿಯರಿರುತ್ತಾರೆ. ಅದೇ ವಯಸ್ಸಿನ ಹುಡುಗರು ಮಾತ್ರ ಇರುವುದಿಲ್ಲ. ಕೇಳಿದರೆ ಟ್ಯೂಷನ್ನು, ಕ್ರಿಕೆಟ್ಟು, ಪರೀಕ್ಷೆ ಎಂಬ ಉತ್ತರ ಬರುತ್ತದೆ. ಇವೆಲ್ಲ ಹುಡುಗಿಯರಿಗೂ ಇವೆ. ನಿಜವಾದ ಕಾರಣ ಬಹಳ ಸಲ ಗಂಟಲಿನಲ್ಲಿರುತ್ತದೆ.

ಸುಮಾರು ಹನ್ನೆರಡರಿಂದ ಹದಿನೈದರ ನಡುವೆ ಹುಡುಗರ ಧ್ವನಿಪೆಟ್ಟಿಗೆ ಬೇಗಬೇಗ ಬೆಳೆಯುತ್ತದೆ. ಧ್ವನಿತಂತುಗಳು ಉದ್ದವೂ ದಪ್ಪವೂ ಆಗುತ್ತವೆ. ದನಿ ಹೆಚ್ಚುಕಡಿಮೆ ಒಂದು ಸಪ್ತಕದಷ್ಟು ಕೆಳಗಿಳಿಯುತ್ತದೆ. ಹುಡುಗಿಯರ ದನಿಯೂ ಬದಲಾಗುತ್ತದೆ, ಆದರೆ ಇಳಿತ ಸಣ್ಣದು. ಹುಡುಗರಿಗೆ ಮಾತ್ರ ಕೆಲವು ತಿಂಗಳು ಯಾವ ಸ್ವರ ಹಿಡಿದರೆ ಯಾವುದು ಹೊರಡುತ್ತದೋ ಗೊತ್ತಾಗುವುದಿಲ್ಲ. ಇದರ ಮೇಲೆ ನಮ್ಮ ಗುಂಪುಗಳು ಹಾಡುವುದು ಕರಾವೋಕೆ ಟ್ರ್ಯಾಕಿಗೆ. ಅದರ ಶ್ರುತಿ ಚಿಕ್ಕವರಿಗೆ ಹೊಂದುವಂತಿರುತ್ತದೆ. ಕರಿ ನಾಲ್ಕರಲ್ಲಿ ಆರಾಮಾಗಿ ಹಾಡುತ್ತಿದ್ದ ಹುಡುಗನಿಗೆ ಈಗ ಮೇಲಿನದೂ ಎಟುಕದು, ಕೆಳಗಿನದೂ ಇನ್ನೂ ಕುದುರಿಲ್ಲ.

ಕಳೆದ ವರ್ಷ ನನ್ನ ಮಗನಿಗೆ ಹದಿಮೂರು ತುಂಬಿತ್ತು. ಆರು ವರ್ಷ ಹಾಡಿದವನು ಒಂದು ಭಾನುವಾರ ತಾಲೀಮಿಗೆ ಹೊರಡಲೇ ಇಲ್ಲ. “ಪಪ್ಪಾ, ನಾ ಬರಂಗಿಲ್ಲ. ಸಣ್ಣ ಹುಡುಗ್ರು ಸೈತ ನನ್ನ ದನಿ ಕೇಳಿ ನಗತಾವ” ಎಂದ. ಒಂದು ಹಾಡು ತಪ್ಪಿತು, ಅಷ್ಟೇ ತಾನೇ ಎನ್ನಬಹುದು. ಆದರೆ ಪುಣೆಯಂಥ ಊರಿನಲ್ಲಿ ಅದು ಅಷ್ಟಕ್ಕೇ ಮುಗಿಯುವುದಿಲ್ಲ. ಅವನಿಗೆ ಶಾಲೆಯಲ್ಲಿ ಇಂಗ್ಲಿಷ್, ಬಸ್ಸಿನಲ್ಲಿ ಹಿಂದಿ, ಆಟದ ಮೈದಾನದಲ್ಲಿ ಮರಾಠಿ. ಮನೆಯಲ್ಲಿ ಕನ್ನಡ ಇದೆ, ಆದರೆ ಅದು ಅಪ್ಪ ಅಮ್ಮನ ಭಾಷೆ. ಗೆಳೆಯರೊಡನೆ ಜಗಳಾಡಲು, ಚೇಷ್ಟೆ ಮಾಡಲು ಕನ್ನಡ ಬಳಕೆಯಾಗುತ್ತಿದ್ದುದು ವಾರಕ್ಕೊಮ್ಮೆ ಆ ತಾಲೀಮಿನಲ್ಲಿ ಮಾತ್ರ. ದನಿ ಒಡೆದು ಗುಂಪು ಬಿಟ್ಟ ಹುಡುಗ ಭಾಷೆಯ ಗೆಳೆತನವನ್ನೂ ಬಿಟ್ಟು ಹೋಗುತ್ತಾನೆ.

ಇದು ನಮ್ಮೊಬ್ಬರ ಕಷ್ಟವಲ್ಲ. ಜಗತ್ತಿನ ಹೆಸರಾಂತ ಬಾಲಗಾಯಕರ ತಂಡ ವಿಯೆನ್ನಾದ್ದು. ಚಕ್ರವರ್ತಿ ಒಂದನೇ ಮ್ಯಾಕ್ಸಿಮಿಲಿಯನ್ 1498ರಲ್ಲಿ ಆಸ್ಥಾನದ ಸಂಗೀತಕ್ಕೆ ಹುಡುಗರನ್ನು ಸೇರಿಸಿಕೊಂಡ ಕಾಲದಿಂದ ಅದರ ಲೆಕ್ಕ ಶುರುವಾಗುತ್ತದೆ. ಊಟ, ವಸತಿ, ಪಾಠ ಎಲ್ಲ ಸಿಗುತ್ತಿತ್ತು, ದನಿ ಇರುವ ತನಕ. ಸಂಗೀತಗಾರ ಶೂಬರ್ಟ್ ಹುಡುಗನಾಗಿದ್ದಾಗ ಆ ಆಸ್ಥಾನದ ತಂಡದಲ್ಲೇ ಹಾಡುತ್ತಿದ್ದ. ತಾನು ಕಡೆಯ ಸಲ ಕೂಗಿದ ದಿನ 1812ರ ಜುಲೈ 26 ಎಂದು ಸ್ವರಲಿಪಿಯ ಹಾಳೆಯ ಮೇಲೆ ಸ್ವತಃ ಬರೆದಿಟ್ಟಿದ್ದಾನೆ. ಹಾಡಿದ ಎನ್ನದೆ, ಹುಂಜದ ಹಾಗೆ ಕೂಗಿದ ಎನ್ನುವ ಅರ್ಥದ ಮಾತು ಅದು. ಆಗ ಅವನಿಗೆ ಹದಿನೈದು. ಅದೇ ಊರಿನ ಸೇಂಟ್ ಸ್ಟೀಫನ್ ಚರ್ಚಿನಲ್ಲಿ ಹಾಡುತ್ತಿದ್ದ ಹೇಡನ್ ಕತೆ ಇನ್ನೂ ಕಷ್ಟದ್ದು. 1749ರಲ್ಲಿ, ದನಿ ಒಡೆದ ಮೇಲೆ, ಅವನನ್ನು ಹೊರಗೆ ಕಳಿಸಿದರು. ಇನ್ನೊಬ್ಬ ಹಾಡುಗಾರ ತನ್ನ ಇಕ್ಕಟ್ಟಿನ ಮನೆಯಲ್ಲಿ ಜಾಗ ಕೊಟ್ಟದ್ದರಿಂದ ತಲೆಯ ಮೇಲೊಂದು ಸೂರು ಸಿಕ್ಕಿತು. ಮುಂದೆ ಇಬ್ಬರೂ ದೊಡ್ಡ ಹೆಸರು ಮಾಡಿದರು ಎನ್ನುವುದು ಬೇರೆ ಮಾತು. ಅವರ ಜೊತೆ ನಿಂತು ಹಾಡಿದ ಉಳಿದ ಹುಡುಗರು ಎಲ್ಲಿ ಹೋದರೋ!

ಇನ್ನು ನಮ್ಮ ಗದಗಕ್ಕೆ ಬನ್ನಿ. ವೀರೇಶ್ವರ ಪುಣ್ಯಾಶ್ರಮದ ಹೆಸರು ಕೇಳದ ಉತ್ತರ ಕರ್ನಾಟಕದವರಿಲ್ಲ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳನ್ನೂ ಬಡ ಮಕ್ಕಳನ್ನೂ ಕೂಡಿಸಿಕೊಂಡು, ಊರೂರು ಸುತ್ತಿ ಹಾಡು ಕಲಿಸಿ, ಕೊನೆಗೆ ನೆಲೆ ಕಟ್ಟಿದ್ದು ಗದಗಿನಲ್ಲಿ. 1944ರಲ್ಲಿ ಅವರು ತೀರಿಕೊಂಡ ಮೇಲೆ ಹೊಣೆ ಹೊತ್ತವರು ಅವರ ಶಿಷ್ಯ ಪುಟ್ಟರಾಜ ಗವಾಯಿಗಳು. ಅವರಿಗೂ ಕಣ್ಣಿರಲಿಲ್ಲ. ಮಕ್ಕಳ ಅನ್ನದ ಖರ್ಚಿಗೆಂದು ನಾಟಕ ಬರೆದರು, ಕಂಪನಿ ನಡೆಸಿದರು. 2010ರಲ್ಲಿ ತೀರಿಕೊಳ್ಳುವ ತನಕ ಅದೇ ಅವರ ಸಂಸಾರ.

ಅಲ್ಲಿಯೂ ಹುಡುಗರ ಗುಂಪು, ಅಲ್ಲಿಯೂ ಕೂಡಿ ಹಾಡುವುದು, ಕೂಡಿ ಉಣ್ಣುವುದು. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಪಂಡಿತ ವೆಂಕಟೇಶಕುಮಾರರನ್ನು ಅವರ ಸೋದರಮಾವ ಬೆಳಗಲ್ಲು ವೀರಣ್ಣ ಆಶ್ರಮಕ್ಕೆ ತಂದು ಬಿಟ್ಟಾಗ ಅವರಿಗೆ ಹನ್ನೆರಡರ ಆಸುಪಾಸು. ಮುಂದೆ ಹನ್ನೆರಡು ವರ್ಷ ಅಲ್ಲೇ ಇದ್ದು ಕಲಿತರು. ಲೆಕ್ಕ ಹಾಕಿ ನೋಡಿ. ಅವರ ದನಿ ಒಡೆದದ್ದು, ತಡಬಡಿಸಿದ್ದು, ಹೊಸ ಶ್ರುತಿಗೆ ಬಂದು ಕೂತದ್ದು ಎಲ್ಲ ಆ ಗೋಡೆಗಳ ಒಳಗೇ, ಆ ಗುರುವಿನ ಎದುರಿಗೇ ಆಗಿರಬೇಕು. ವಿಯೆನ್ನಾದಲ್ಲಿ ಹುಡುಗನನ್ನು ಹೊರಗೆ ಕಳಿಸುವ ವಯಸ್ಸಿಗೆ ಗದಗಿನಲ್ಲಿ ಒಳಗೆ ಕರೆದುಕೊಂಡರು. ಆಶ್ರಮದಲ್ಲಿ ಹಾರ್ಮೋನಿಯಂ, ತಬಲಾ, ಪಿಟೀಲು ಕಲಿತು ಬದುಕು ಕಟ್ಟಿಕೊಂಡವರೂ ಬಹಳ. ಅಲ್ಲಿ ಹುಡುಗನ ಜಾಗ ಅವನ ಗಂಟಲಿಗೆ ಕಟ್ಟಿದ್ದಲ್ಲ.

ಪುಣೆಯವರಿಗೆ ಇದಕ್ಕೆ ದೂರ ಹೋಗಬೇಕಿಲ್ಲ. ಡಿಸೆಂಬರ್ ಬಂತೆಂದರೆ ನಾವೆಲ್ಲ ಸ್ವೆಟರ್ ಹಾಕಿಕೊಂಡು ‘ಸವಾಯಿ’ಗೆ ಹೋಗುತ್ತೇವೆ. ಆ ಸವಾಯಿ ಗಂಧರ್ವರು ಕುಂದಗೋಳದ ರಾಮಭಾವು. ಅವರದು ತಾನಾಗಿ ಬಾಗುವ ದನಿಯಾಗಿರಲಿಲ್ಲ, ಅಬ್ದುಲ್ ಕರೀಂ ಖಾನರ ಕೈಕೆಳಗೆ ವರ್ಷಗಟ್ಟಲೆ ತಿಕ್ಕಿ ಬಾಗಿಸಿದ್ದು ಎಂದು ಬಲ್ಲವರು ಹೇಳುತ್ತಾರೆ. ಅವರ ನೆನಪಿಗೆ 1953ರಲ್ಲಿ ಉತ್ಸವ ಶುರು ಮಾಡಿದವರು ಅವರ ಶಿಷ್ಯ, ಗದಗಿನ ಹುಡುಗ ಭೀಮಸೇನ ಜೋಶಿ. ಹುಟ್ಟಿನಿಂದ ಬಂದ ಕಂಠಕ್ಕಿಂತ ಪಳಗಿಸಿದ ಕಂಠಕ್ಕೆ ಕೈಮುಗಿಯುವ ಊರು ಇದು. ಇಂಥ ಊರಿನಲ್ಲಿದ್ದು ನಮ್ಮ ಹುಡುಗರು ಹದಿಮೂರಕ್ಕೇ ‘ನನಗೆ ಹಾಡು ಬರುವುದಿಲ್ಲ’ ಎಂದು ತೀರ್ಮಾನಿಸಿ ಎದ್ದು ಹೋಗುತ್ತಿದ್ದಾರೆ.

ಈ ವರ್ಷ ನಮ್ಮ ಗುಂಪಿನಲ್ಲಿ ಕೆಲವು ಸಣ್ಣ ಬದಲಾವಣೆ ಮಾಡಿದೆವು. ಟ್ರ್ಯಾಕ್ ಬಿಟ್ಟು ಹಾರ್ಮೋನಿಯಂ ತಂದೆವು, ಶ್ರುತಿ ನಮ್ಮ ಕೈಗೆ ಬಂತು. ದೊಡ್ಡ ಹುಡುಗರಿಗೆ ಪಲ್ಲವಿಯನ್ನು ಮಾತ್ರ ಕೆಳಗಿನ ಸಪ್ತಕದಲ್ಲಿ ಹಾಡಲು ಹೇಳಿದೆವು. ಅದೂ ಆಗದವರು ತಾಳ ಹಿಡಿದರು, ಒಬ್ಬ ತಬಲಾ ಕಲಿಯಲು ಹೊರಟ, ಇನ್ನೊಬ್ಬ ಕನ್ನಡದಲ್ಲಿ ನಿರೂಪಣೆ ಮಾಡುತ್ತೇನೆಂದ. ಹಾಡು ಕಲಿಸುವ ನಮ್ಮ ಹಿರಿಯರೊಬ್ಬರು ಚಿಕ್ಕ ಹುಡುಗರನ್ನೆಲ್ಲ ಕೂಡಿಸಿ, “ಇವತ್ತ ಅಣ್ಣಾಗ ಆಗೇದ, ನಾಳೆ ನಿಮಗೂ ಆಗತದ” ಎಂದು ಬಿಡಿಸಿ ಹೇಳಿದರು. ನಗು ನಿಂತಿತು. ಬಿಟ್ಟು ಹೋದ ಐವರಲ್ಲಿ ಮೂವರು ಮರಳಿ ಬಂದಿದ್ದಾರೆ. ಇನ್ನಿಬ್ಬರು ಬಂದಿಲ್ಲ, ಅವರ ಮನೆಗೆ ಇನ್ನೊಮ್ಮೆ ಹೋಗಿಬರಬೇಕು.

ಬೆಂಗಳೂರು, ಮುಂಬೈ, ಹೈದರಾಬಾದು, ದಿಲ್ಲಿ ಎಲ್ಲೇ ಇರಿ, ನಿಮ್ಮ ಸಂಘದಲ್ಲೂ ಮಕ್ಕಳ ಗುಂಪೊಂದು ಇದ್ದೇ ಇರುತ್ತದೆ. ಈ ಸಲ ತಾಲೀಮು ಶುರುವಾಗುವ ಮೊದಲು ಹಳೆಯ ಫೋಟೋ ತೆಗೆದು, ಎರಡು ವರ್ಷದ ಹಿಂದೆ ಮುಂದಿನ ಸಾಲಿನಲ್ಲಿದ್ದ ಹುಡುಗರನ್ನು ಎಣಿಸಿ. ಈಗ ಇಲ್ಲದವರಿಗೆ ಒಂದು ಫೋನ್ ಮಾಡಿ. ಹಾಡಲು ಬಾ ಎನ್ನಬೇಡಿ. ಕೆಲಸವಿದೆ, ಬಾ ಎನ್ನಿ.